ಚಾವಡಿಯ ಗೋಡೆಯ ಹಿರಿಯರು

ತುಳುನಾಡಿನ ಗುತ್ತಿನ ಮನೆಗಳಲ್ಲಿ, ಅಂದರೆ ಊರಿನ ಯಜಮಾನಿಕೆಯನ್ನೂ ದೈವಾರಾಧನೆಯ ಹೊಣೆಯನ್ನೂ ತಲೆಮಾರುಗಳಿಂದ ಹೊತ್ತು ಬಂದ ಭೂಮಾಲೀಕ ಮನೆತನಗಳಲ್ಲಿ, ಗತಿಸಿದ ಹಿರಿಯರ ಛಾಯಾಚಿತ್ರಗಳಿಗೆ ಕಟ್ಟು ಹಾಕಿಸಿ ಚಾವಡಿಯ ಗೋಡೆಗೆ ತೂಗುಹಾಕುವ ರೂಢಿ ಇಪ್ಪತ್ತನೆಯ ಶತಮಾನದಲ್ಲಿ ಬೇರೂರಿತು. ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆಯ ಸೀಮೆಯಲ್ಲಿ ಇಂಥ ಚಿತ್ರಗಳು ಈಗ ಗೋಡೆಯಿಂದಿಳಿದು ಮೊಬೈಲುಗಳಲ್ಲಿ ಹರಿದಾಡುತ್ತಿವೆ, ಸ್ಮರಣ ಸಂಚಿಕೆಗಳನ್ನು ತುಂಬುತ್ತಿವೆ, ನಾಟಕ ಸಿನಿಮಾಗಳ ಉಡುಗೆ ತೊಡುಗೆಗೆ ಮಾದರಿಯಾಗುತ್ತಿವೆ. ಇದನ್ನು ಪರಂಪರೆಯ ಪುನರುಜ್ಜೀವನವೆಂದು ಕೊಂಡಾಡುವವರು ಬಹಳ. ಆದರೆ ಚಿತ್ರದಲ್ಲಿರುವವರು ಒಬ್ಬರಿಗೊಬ್ಬರು ಏನಾಗಬೇಕು ಎಂಬುದನ್ನು ಅರಿಯದೆ ನಡೆಯುವ ಈ ಬಳಕೆ ಅಲಂಕಾರದ ಮಟ್ಟವನ್ನು ದಾಟಿದ್ದು ಕಡಿಮೆ.

ಈ ಸೀಮೆಯ ಬಂಟ, ಬಿಲ್ಲವ, ಜೈನ ಮೊದಲಾದ ಸಮುದಾಯಗಳಲ್ಲಿ ನಡೆದುಬಂದದ್ದು ಅಳಿಯಕಟ್ಟು. ಮನೆತನ ಮತ್ತು ಆಸ್ತಿ ತಾಯಿಯ ಕಡೆಯಿಂದ ಹರಿದು, ಯಜಮಾನಿಕೆ ಸೋದರಮಾವನಿಂದ ಸೋದರಳಿಯನಿಗೆ ಸಲ್ಲುವ ಈ ಪದ್ಧತಿಯನ್ನು ಕಾನೂನಿನ ಭಾಷೆ ಅಳಿಯಸಂತಾನ ಎಂದು ಕರೆಯುತ್ತದೆ. ಇಂಥ ಮನೆಯ ಗುಂಪುಚಿತ್ರದ ನಡುವೆ ಕುಳಿತಿರುವ ಗಂಡು ಹೆಣ್ಣು ಗಂಡ ಹೆಂಡಿರೇ ಆಗಿರಬೇಕೆಂದಿಲ್ಲ. ಅವರು ಯಜಮಾನ ಮತ್ತು ಅವನ ಅಕ್ಕ ಆಗಿರಬಹುದು, ಕಾಲಬುಡದಲ್ಲಿರುವ ಮಕ್ಕಳು ಅಕ್ಕನ ಮಕ್ಕಳಾಗಿರಬಹುದು, ಆ ಮಕ್ಕಳ ತಂದೆ ಬೇರೊಂದು ಕುಟುಂಬಕ್ಕೆ ಸೇರಿದವನಾದ್ದರಿಂದ ಚಿತ್ರದಲ್ಲೇ ಇಲ್ಲದಿರಬಹುದು. 1949ರ ಮದರಾಸು ಅಳಿಯಸಂತಾನ ಕಾಯಿದೆ ಕವರುಗಳಿಗೆ, ಅಂದರೆ ಒಬ್ಬ ತಾಯಿಯಿಂದ ಇಳಿದ ಕವಲುಗಳಿಗೆ, ಕುಟುಂಬದ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಹಳೆಯ ಕಟ್ಟನ್ನು ಇನ್ನಷ್ಟು ಸಡಿಲಿಸಿತು. ತಂದೆ, ತಾಯಿ, ಮಕ್ಕಳು ಎಂಬ ಇಂದಿನ ಚೌಕಟ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಅದಕ್ಕೂ ಹಿಂದಿನ ಚಿತ್ರವನ್ನು ಓದುವ ಕಥೆಗಾರನಾಗಲಿ ಕಲಾವಿದನಾಗಲಿ ಅಕ್ಕ ತಮ್ಮಂದಿರನ್ನು ದಂಪತಿಗಳನ್ನಾಗಿ ಮಾಡಿಬಿಡುತ್ತಾನೆ, ಮತ್ತು ಆ ಮನೆಯಲ್ಲಿ ಹೆಣ್ಣಿಗಿದ್ದ ಸ್ಥಾನ ಅವನ ಕೃತಿಯಿಂದ ಜಾರಿಹೋಗುತ್ತದೆ.

ಕ್ಯಾಮೆರಾ ಈ ನಾಡಿಗೆ ಮೊದಲು ಬಂದದ್ದು ಕುಟುಂಬಕ್ಕಾಗಿ ಅಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಮುಂದೆ ತೆಗೆಸಿದ ಚಿತ್ರಗಳ ದೊಡ್ಡ ಭಂಡಾರ ಇಂದಿಗೂ ಸ್ವಿಟ್ಜರ್ಲೆಂಡಿನಲ್ಲಿದೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಕುರಿತು ಏಳು ಸಂಪುಟಗಳನ್ನು ಹೊರತಂದ. ಥರ್ಸ್ಟನ್ನನ ಬಗೆಯ ಚಿತ್ರಗಳಲ್ಲಿ ಮನುಷ್ಯ ತನ್ನ ಜಾತಿಯ ಮಾದರಿಯಾಗಿ ನಿಲ್ಲುತ್ತಾನೆ, ಅವನಿಗೆ ಹೆಸರು ಬೇಕಾಗುವುದಿಲ್ಲ. ಸ್ವಂತ ಖರ್ಚಿನಲ್ಲಿ, ಬೇಕಾದ ಉಡುಗೆಯುಟ್ಟು, ತನ್ನವರ ನಡುವೆ ಕುಳಿತು ತೆಗೆಸಿಕೊಂಡ ಕುಟುಂಬಚಿತ್ರ ಆ ದೃಷ್ಟಿಗೆ ಕೊಟ್ಟ ಉತ್ತರದಂತಿದೆ. ಅದೇ ಚಿತ್ರವನ್ನು ‘ಹಳೆಯ ಕಾಲದ ತುಳುವ ಹೆಂಗಸು’ ಎಂಬ ಒಕ್ಕಣೆಯೊಂದಿಗೆ ಹಂಚುವ ಇಂದಿನ ಅಭಿಮಾನಿಗಳು ಅರಿವಿಲ್ಲದೆಯೇ ಆಕೆಯನ್ನು ಥರ್ಸ್ಟನ್ನನ ಪುಟಕ್ಕೆ ಮರಳಿ ಅಂಟಿಸುತ್ತಿದ್ದಾರೆ.

ಇದರ ಅಪಾಯವನ್ನು ಕಲೆಯ ಮೂಲಕವೇ ತೋರಿಸಿಕೊಟ್ಟವರು ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಂದಿಗೆ 2000ದಿಂದ 2004ರವರೆಗೆ ರೂಪಿಸಿದ ‘ದಕ್ಷಿಣ ಭಾರತದ ದೇಸಿ ಹೆಂಗಸರು’ ಎಂಬರ್ಥದ ಸರಣಿಯಲ್ಲಿ ಅವರು ಜನಾಂಗ ಅಧ್ಯಯನದ ಚಿತ್ರಗಳಿಂದ ಹಿಡಿದು ರವಿವರ್ಮನ ದೇವಿಯರವರೆಗೆ ಹಲವು ಮಾದರಿಗಳ ವೇಷವನ್ನು ತಾವೇ ಧರಿಸಿ ನಿಂತರು. ಹಳೆಯ ಚಿತ್ರ ಅಲ್ಲಿ ಪೂಜೆಗೊಳ್ಳುವುದಿಲ್ಲ, ಪಾಟೀಸವಾಲಿಗೆ ಗುರಿಯಾಗುತ್ತದೆ. ಕರಾವಳಿಯ ಪರಂಪರಾಭಿಮಾನದಲ್ಲಿ ಇಂಥ ನಿಷ್ಠುರತೆ ವಿರಳ.

ಹಾಗೆಂದು ಸಂಗ್ರಹದ ಕೆಲಸ ಈ ಸೀಮೆಗೆ ಹೊಸದಲ್ಲ. ಬಂಟ್ವಾಳದಲ್ಲಿ ಪ್ರೊ. ತುಕಾರಾಮ ಪೂಜಾರಿ ಅವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ದಿನಬಳಕೆಯ ವಸ್ತುಗಳ ಮೂಲಕ ತುಳುವರ ಬದುಕನ್ನು ಮುಂದಿಡುತ್ತದೆ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕ್ಯಾಮೆರಾಗಳೂ ಇವೆ. ಇನ್ನೂ ಹಿಂದೆ ಹೋದರೆ, ಧವಲಾ ಎಂಬ ಜೈನ ಗ್ರಂಥಗಳ ತಾಳೆಗರಿ ಪ್ರತಿಗಳನ್ನು ಶತಮಾನಗಳ ಕಾಲ ಕಾಪಾಡಿದ್ದು ಮೂಡುಬಿದಿರೆ. ಬರೆದವರಾರು, ಬರೆಸಿದವರಾರು ಎಂಬುದನ್ನು ಗ್ರಂಥದ ಕೊನೆಗೆ ನಮೂದಿಸುವ ವಾಡಿಕೆ ಹಸ್ತಪ್ರತಿ ಸಂಸ್ಕೃತಿಯಲ್ಲಿತ್ತು. ಛಾಯಾಚಿತ್ರಕ್ಕೆ ಅಂಥದೊಂದು ಶಿಸ್ತು ಇಲ್ಲಿ ಬೆಳೆಯಲೇ ಇಲ್ಲ. 2010ರಲ್ಲಿ ಅನುಷಾ ಯಾದವ್ ಆರಂಭಿಸಿದ ಇಂಡಿಯನ್ ಮೆಮರಿ ಪ್ರಾಜೆಕ್ಟ್ ಕುಟುಂಬಚಿತ್ರವನ್ನು ಅದರ ಕಥೆಯೊಂದಿಗೇ ಸ್ವೀಕರಿಸುವ ಮಾದರಿಯನ್ನು ಹಾಕಿಕೊಟ್ಟಿದ್ದು, ಇಲ್ಲಿಯೂ ಅನುಸರಿಸಲು ತಕ್ಕದ್ದಾಗಿದೆ. ಎಲ್ಲವನ್ನೂ ಹಂಚಲೇಬೇಕೆಂಬ ನಿಯಮವೇನೂ ಇಲ್ಲ: ಫ್ರೆಂಚ್ ಚಿಂತಕ ರೋಲಾಂ ಬಾರ್ತ್ 1980ರಲ್ಲಿ ಬರೆದ ಪುಸ್ತಕದ ಕೇಂದ್ರದಲ್ಲಿರುವುದು ಅವನ ತಾಯಿಯ ಬಾಲ್ಯದ ಚಿತ್ರ, ಆದರೆ ಅದನ್ನು ಅವನು ಅಚ್ಚು ಹಾಕಿಸಲಿಲ್ಲ.

ಈ ಪರಂಪರೆಯ ದೊಡ್ಡ ಕೊರತೆ ಬೇರೆಯೇ ಇದೆ. ಚಾವಡಿಯ ಗೋಡೆಯಲ್ಲಿ ಒಡೆಯರಿದ್ದಾರೆ, ಒಕ್ಕಲುಗಳಿಲ್ಲ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ಗೇಣಿದಾರನನ್ನು ಭೂಮಿಯ ಒಡೆಯನನ್ನಾಗಿಸಿತಾದರೂ ಅವನ ಅಜ್ಜಿಯ ಮುಖವನ್ನು ದೊರಕಿಸಿಕೊಡುವುದು ಅದರ ಕೈಲಿರಲಿಲ್ಲ. ಬೀಡಿ ಕಟ್ಟಿದ, ಹಂಚಿನ ಕಾರ್ಖಾನೆಯಲ್ಲಿ ದುಡಿದ ಮನೆಗಳ ಆಲ್ಬಮ್ಮು ಎಂದರೆ ಮುಂಬಯಿಗೆ ಹೋದ ಮಗ ಸ್ಟುಡಿಯೋದಲ್ಲಿ ತೆಗೆಸಿ ಕಳಿಸಿದ ಪಟ, ಗಲ್ಫಿಗೆ ಹೊರಟವನ ಪಾಸ್‌ಪೋರ್ಟ್ ಚಿತ್ರ, 1993ರ ಬಳಿಕ ಬಂದ ಮತದಾರರ ಗುರುತಿನ ಚೀಟಿ. ಗುತ್ತಿನ ಮನೆಯ ವೈಭವದ ಬೆನ್ನು ಹತ್ತಿದ ಸೃಜನಶೀಲರು ಈ ಚೂರುಪಾರು ಚಿತ್ರಗಳನ್ನು ಪರಂಪರೆಯೆಂದು ಎಣಿಸಿಯೇ ಇಲ್ಲ, ಮತ್ತು ಅವರ ಕೃತಿಗಳು ಬಹುಮಟ್ಟಿಗೆ ಒಂದೇ ಅಂಗಳದಲ್ಲಿ ಸುತ್ತುವುದಕ್ಕೆ ಇದೂ ಕಾರಣ.

ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯಲು ಮಳೆಗಾಲದ ಒಂದು ಆಟಿ ತಿಂಗಳು ಸಾಕು. ಹಳೆಯ ಪಟಗಳಿರುವ ಮನೆಯವರು, ಗುತ್ತಾಗಲಿ ಗುಡಿಸಲಾಗಲಿ, ಅವುಗಳನ್ನು ಹಂಚುವ ಮೊದಲು ಮನೆಯ ಹಿರಿಯರ ಬಳಿ ಕುಳಿತು, ಚಿತ್ರದಲ್ಲಿರುವ ಪ್ರತಿಯೊಬ್ಬರ ಹೆಸರು, ಊರು, ಸಂಬಂಧಗಳನ್ನು ಕೇಳಿ, ಪಟದ ಹಿಂಬದಿಯಲ್ಲಿ ಮೆದು ಪೆನ್ಸಿಲಿನಿಂದ ಬರೆದಿಡಬೇಕು.