ಮಧ್ಯದ ಪ್ಲೇ ಎಲ್ಲಿ ಹೋಯ್ತು?

ಅಮೆರಿಕದ ಕಾಲೇಜು ಫುಟ್‌ಬಾಲ್ ಅಭಿಮಾನಿಗಳಿಗೆ ಒಂದು ವಿಚಿತ್ರ ಚಟ ಇದೆ. ಯಾವ ಆಟಗಾರ ದೊಡ್ಡವನು, ಯಾವ ಕೋಚ್ ದೊಡ್ಡವನು ಅನ್ನೋ ಜಗಳ ಸಾಲದು ಅಂತ, ಒಂದರ ಬೆನ್ನಿಗೇ ಬಂದ ಎರಡು ಪ್ಲೇಗಳನ್ನು ಗಂಟು ಹಾಕಿ, "ನಮ್ಮ ಟೀಮಿನ ಚರಿತ್ರೆಯಲ್ಲಿ ಇದನ್ನು ಮೀರಿಸೋ ಜೋಡಿ ಇಲ್ಲ" ಅಂತ ಪಟ್ಟು ಹಿಡೀತಾರೆ. ಎರಡು ವರ್ಷ ಅಲಬಾಮಾ ರಾಜ್ಯದಲ್ಲಿ ಆನ್‌ಸೈಟ್ ಇದ್ದಾಗ ಈ ವಾದವನ್ನು ಕ್ಯಾಂಟೀನಿನಲ್ಲಿ, ಪಾರ್ಕಿಂಗ್ ಲಾಟಿನಲ್ಲಿ, ಕಡೆಗೆ ರಾತ್ರಿ ರಿಲೀಸ್ ಮುಗಿಯೋದನ್ನು ಕಾಯ್ತಾ ಕೂತ ಕಾನ್ಫರೆನ್ಸ್ ಕಾಲ್‌ನಲ್ಲೂ ಕೇಳಿದ್ದೀನಿ. ಅಲ್ಲಿ ಎರಡೇ ಬಣ: ಅಲಬಾಮಾ ಯೂನಿವರ್ಸಿಟಿ, ಇಲ್ಲವೇ ಆಬರ್ನ್ ಯೂನಿವರ್ಸಿಟಿ. "ನೀನು ಯಾರ ಕಡೆ?" ಅಂದಾಗ "ಯಾರ ಕಡೆಯೂ ಅಲ್ಲ" ಅಂದರೆ ಅದನ್ನು ಉತ್ತರ ಅಂತಲೇ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ.

ನಾನು ಆಬರ್ನ್ ಅಂದೆ. ಕಾರಣ ಆಟ ಅಲ್ಲ, ಒಂದು ಹಂಗಣೆ. ಆಬರ್ನ್ ಒಂದು ಕಾಲಕ್ಕೆ ಕೃಷಿ ಮತ್ತು ಮೆಕ್ಯಾನಿಕಲ್ ಕಾಲೇಜಾಗಿತ್ತು. ಅಲಬಾಮಾದ ದೈತ್ಯ ಕೋಚ್ ಬೇರ್ ಬ್ರಯಂಟ್ ಅದನ್ನು 'ದನದ ಕಾಲೇಜು' ಅಂತ ಹಂಗಿಸಿದ್ದರು. ದನದ ಕೊಟ್ಟಿಗೆ ಗುಡಿಸಿ ಬಸ್ಸು ಹತ್ತಿ ಬಿಇ ಓದೋಕೆ ಬಂದವನಿಗೆ ಇನ್ನೇನು ಬೇಕು? ಹಾಗಾಗಿ ಮುಂದೆ ಬರೆಯೋದರಲ್ಲಿ ಸ್ವಲ್ಪ ಪಕ್ಷಪಾತ ಇರುತ್ತೆ, ತಡ್ಕೊಳ್ಳಿ.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಕಡೆಗೆ 11 ಜನ. ಚೆಂಡು ಸಿಕ್ಕ ತಂಡಕ್ಕೆ 10 ಗಜ ಮುಂದೆ ಹೋಗೋಕೆ 4 ಅವಕಾಶ. ಕ್ರಿಕೆಟ್ಟಿನ ಒಂದೊಂದು ಎಸೆತದ ಹಾಗೆ ಒಂದೊಂದು ಅವಕಾಶವೂ ಒಂದು ಪ್ಲೇ. ಚೆಂಡನ್ನು ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, 6 ಅಂಕ. ಆಮೇಲೆ ಒದ್ದು 1 ಅಂಕ ಸೇರಿಸಬಹುದು, ಇಲ್ಲಾ ಧೈರ್ಯ ಇದ್ದರೆ ಇನ್ನೊಂದು ಪ್ಲೇ ಆಡಿ 2 ಸೇರಿಸಬಹುದು. ದೂರದಿಂದ ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್, 3 ಅಂಕ.

ಆಬರ್ನ್ ಹುಡುಗರನ್ನು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಹೇಳೋದು 2013ರ ಜೋಡಿ. ಅದರ ಹಿಂದಿನ ವರ್ಷ ಟೀಮು 12 ಪಂದ್ಯದಲ್ಲಿ ಗೆದ್ದಿದ್ದು ಬರೀ 3. ಹೊಸ ಕೋಚ್ ಗಸ್ ಮಾಲ್ಜಾನ್ ಬಂದರು. ನವೆಂಬರ್ 16ಕ್ಕೆ ಜಾರ್ಜಿಯಾ ಮೇಲೆ ಆಬರ್ನ್ 37-17 ಮುಂದಿತ್ತು, ಕೊನೆಯ ಕ್ವಾರ್ಟರಿನಲ್ಲಿ ಅಷ್ಟೂ ಕಳ್ಕೊಂಡು 38-37ಕ್ಕೆ ಬಂದು ನಿಂತಿತು. ನಾಲ್ಕನೇ ಅವಕಾಶ, ಹೋಗಬೇಕಾದ ದೂರ 18 ಗಜ. ನಿಕ್ ಮಾರ್ಷಲ್ ಚೆಂಡನ್ನು ಕಣ್ಣುಮುಚ್ಚಿ ಎಸೆದ ಅಂತಲೇ ಹೇಳಬೇಕು. ಜಾರ್ಜಿಯಾದ ಇಬ್ಬರು ಡಿಫೆಂಡರುಗಳು ಒಟ್ಟಿಗೆ ಅದರ ಮೇಲೆ ಹಾರಿದರು, ಚೆಂಡು ಅವರ ಕೈಗೆ ಬಡಿದು ಮೇಲಕ್ಕೆ ಚಿಮ್ಮಿತು. ಮುಂದೆ ಓಡ್ತಿದ್ದ ರಿಕಾರ್ಡೊ ಲೂಯಿಸ್ ಮಡಿಲಿಗೆ ಬಿತ್ತು. 73 ಗಜದ ಟಚ್‌ಡೌನ್. ಇಬ್ಬರಲ್ಲಿ ಒಬ್ಬ ಸುಮ್ಮನೆ ನಿಂತಿದ್ದರೂ ಜಾರ್ಜಿಯಾ ಗೆಲ್ತಿತ್ತು. ಕೊನೆಗೆ 43-38. ಕ್ರೀಡಾಂಗಣದ ಹೆಸರು ಸೇರಿಸಿ ಇದನ್ನು 'ಜೋರ್ಡನ್-ಹೇರ್ ಪ್ರಾರ್ಥನೆ' ಅಂತಾರೆ.

ಎರಡು ವಾರ ಬಿಟ್ಟು, ನವೆಂಬರ್ 30. ಅದೇ ಮೈದಾನ, ಎದುರಿಗೆ ನಂಬರ್ ಒನ್ ಅಲಬಾಮಾ, ಸತತ ಎರಡು ಸಲದ ಚಾಂಪಿಯನ್. 28-28. ಸಮಯ ಮುಗಿದಿತ್ತು, ಅಲಬಾಮಾ ಕೋಚ್ ನಿಕ್ ಸೇಬನ್ ವಾದ ಮಾಡಿ 1 ಸೆಕೆಂಡ್ ವಾಪಸ್ ಹಾಕಿಸಿಕೊಂಡರು. ಆ ಒಂದು ಸೆಕೆಂಡಿನಲ್ಲಿ 57 ಗಜದ ಫೀಲ್ಡ್ ಗೋಲ್ ಒದೆಸಿದರು. ಚೆಂಡು ದೂರ ಸಾಲದೆ ಇಳಿಯಿತು. ಕಂಬದ ಕೆಳಗೆ ಕಾಯ್ತಿದ್ದ ಕ್ರಿಸ್ ಡೇವಿಸ್ ಅದನ್ನು ಹಿಡಿದು ಮೈದಾನದ ಈ ತುದಿಯಿಂದ ಆ ತುದಿಗೆ ಓಡಿದ. 34-28. ಫೀಲ್ಡ್ ಗೋಲಿಗೆ ನಿಲ್ಲೋದು ದಪ್ಪ ದಪ್ಪ ಆಳುಗಳು, ಅವರು ಅವನನ್ನು ಅಟ್ಟಿಸಿಕೊಂಡು ಬರೋದು ಎಲ್ಲಿಂದ? ಇದೇ 'ಕಿಕ್ ಸಿಕ್ಸ್'. ನೂರು ಸಲ ನೋಡಿದ್ದೀನಿ, ಈಗಲೂ ಆ ಎಡಗಡೆ ಗೆರೆ ಪಕ್ಕ ಅವನು ತಿರುಗಿದ ಕೂಡಲೇ ಎದ್ದು ನಿಲ್ಲೋ ಹಾಗಾಗುತ್ತೆ.

ಸರಿ. ಆದರೆ ಇದು ಜೋಡಿ ಹೇಗಾಯ್ತು? ಎರಡರ ನಡುವೆ ಎರಡು ವಾರ ಇದೆ. ಅಭಿಮಾನಿಗಳ ಉತ್ತರ ಪೂರ್ತಿ ಪೊಳ್ಳಲ್ಲ: ಜಾರ್ಜಿಯಾ ಎದುರು ಸೋತಿದ್ದರೆ ಅಲಬಾಮಾವನ್ನು ಸೋಲಿಸಿಯೂ ಆಬರ್ನ್ ತನ್ನ ವಿಭಾಗ ಗೆಲ್ತಿರಲಿಲ್ಲ. ಮೊದಲನೆಯದು ಇಲ್ಲದಿದ್ದರೆ ಎರಡನೆಯದಕ್ಕೆ ಅಷ್ಟು ತೂಕ ಇಲ್ಲ. ಒಪ್ಪೋಣ. ನನ್ನ ತಕರಾರು ಬೇರೆ. ಈ ಲೆಕ್ಕ ಒಪ್ಪಿದರೆ ಆಗ ಎರಡೇ ಯಾಕೆ?

ಕಿಕ್ ಸಿಕ್ಸ್‌ಗೆ ಮುಂಚೆ, 32 ಸೆಕೆಂಡ್ ಉಳಿದಾಗ, ಆಬರ್ನ್ 28-21 ಹಿಂದಿತ್ತು. ಪದೇ ಪದೇ ಚೆಂಡು ಹಿಡ್ಕೊಂಡು ಓಡಿ ಓಡಿ ಅಲಬಾಮಾದವರಿಗೆ ಅದನ್ನೇ ಅಭ್ಯಾಸ ಮಾಡಿಸಿದ್ದರು. ಮಾರ್ಷಲ್ ಮತ್ತೆ ಓಡೋ ಹಾಗೆ ಬಂದ. ಡಿಫೆಂಡರು ಅವನನ್ನು ಹಿಡಿಯೋಕೆ ಮುಂದೆ ನುಗ್ಗಿದ. ಗೆರೆ ದಾಟೋ ಮುಂಚೆ ಮಾರ್ಷಲ್ ಚೆಂಡನ್ನು ತಲೆ ಮೇಲಿಂದ ಸ್ಯಾಮಿ ಕೋಟ್ಸ್‌ಗೆ ಎಸೆದ. ಕೋಟ್ಸ್ ಸುತ್ತ ಒಂದು ನರಪಿಳ್ಳೆ ಇರಲಿಲ್ಲ. 39 ಗಜ, ಸ್ಕೋರು ಸಮ. ನನ್ನ ಪ್ರಕಾರ ಆ ಋತುವಿನಲ್ಲಿ ಬುದ್ಧಿಯಿಂದ ಹುಟ್ಟಿದ ಅತ್ಯುತ್ತಮ ಪ್ಲೇ ಅದು. ಪ್ರಾರ್ಥನೆಯೂ ಅಲ್ಲ, ಅದೃಷ್ಟವೂ ಅಲ್ಲ. ಅದಿಲ್ಲದೆ ಕಿಕ್ ಸಿಕ್ಸ್ ಅನ್ನೋ ಮಾತೇ ಹುಟ್ತಿರಲಿಲ್ಲ. ಆದರೆ ವಿಡಿಯೊ ಕತ್ತರಿಸುವಾಗ ಮೊದಲು ಹೋಗೋದು ಅದೇ, ಯಾಕಂದರೆ ಅದರಲ್ಲಿ ಪವಾಡ ಇಲ್ಲ, ಕೆಲಸ ಇದೆ.

ಹಳಬರ ಜೋಡಿ 1972ರದ್ದು. ಡಿಸೆಂಬರ್ 2, ಬರ್ಮಿಂಗ್‌ಹ್ಯಾಮಿನ ಲೀಜನ್ ಫೀಲ್ಡ್. ಒಂದೂ ಪಂದ್ಯ ಸೋಲದ ಬ್ರಯಂಟ್ ಅವರ ಅಲಬಾಮಾ ಕೊನೆಯ ಕ್ವಾರ್ಟರಿನಲ್ಲಿ 16-3 ಮುಂದಿತ್ತು. ಆರು ನಿಮಿಷ ಕೂಡ ಉಳಿದಿರಲಿಲ್ಲ. ಅಲಬಾಮಾದ ಗ್ರೆಗ್ ಗ್ಯಾಂಟ್ ಚೆಂಡನ್ನು ದೂರಕ್ಕೆ ಒದ್ದು ಕಳಿಸೋಕೆ ಹೋದ, ಅಂದರೆ ಪಂಟ್. ಆಬರ್ನಿನ ಬಿಲ್ ನ್ಯೂಟನ್ ನುಗ್ಗಿ ತಡೆದ, ಪುಟಿದ ಚೆಂಡನ್ನು ಡೇವಿಡ್ ಲ್ಯಾಂಗ್ನರ್ ಎತ್ತಿಕೊಂಡು ಟಚ್‌ಡೌನ್ ಮಾಡಿದ. ಕೆಲವು ನಿಮಿಷ ಕಳೆದು, ಮತ್ತೆ ಗ್ಯಾಂಟ್, ಮತ್ತೆ ಪಂಟ್, ಮತ್ತೆ ನ್ಯೂಟನ್, ಮತ್ತೆ ಲ್ಯಾಂಗ್ನರ್. ಅದೇ ಫಂಕ್ಷನ್ನನ್ನು ಎರಡು ಸಲ ಕರೆದ ಹಾಗೆ ಅದೇ ಔಟ್‌ಪುಟ್. 17-16. ಆಮೇಲೆ ಆ ಊರಿನ ಕಾರುಗಳ ಹಿಂದೆಲ್ಲ 'ಪಂಟ್, ಬಾಮಾ, ಪಂಟ್' ಅನ್ನೋ ಸ್ಟಿಕ್ಕರು.

ಜೋಡಿ ಅಂತ ನೋಡಿದರೆ ನನಗೆ ಇದೇ ದೊಡ್ಡದು. ಬಿಡಿಯಾಗಿ ಇಟ್ಟರೆ ಕಿಕ್ ಸಿಕ್ಸ್ ಮುಂದೆ ಯಾವುದೂ ನಿಲ್ಲಲ್ಲ, ನಿಜ. ಆದರೆ ಜೋಡಿ ಅಂದಮೇಲೆ ಎರಡನೆಯದು ಮೊದಲನೆಯದನ್ನು ಬದಲಾಯಿಸಬೇಕು. ಮೊದಲ ತಡೆ ಒಂದೇ ಆಗಿದ್ದರೆ ಅದೊಂದು ಆಕಸ್ಮಿಕ, ಸೋತ ಪಂದ್ಯದ ಸಣ್ಣ ಸಮಾಧಾನ. ಎರಡನೆಯದು ಬಂದಾಗ ಮೊದಲನೆಯದೂ ಆಕಸ್ಮಿಕ ಆಗಿರಲಿಲ್ಲ ಅಂತ ಗೊತ್ತಾಯ್ತು. ಅದೂ ಎದುರಾಳಿಗೆ ಏನು ಬರ್ತಿದೆ ಅಂತ ಚೆನ್ನಾಗಿ ಗೊತ್ತಿದ್ದಾಗ! 2013ರ ಎರಡು ಪ್ಲೇಗಳು ಒಂದನ್ನೊಂದು ಹೀಗೆ ಮುಟ್ಟೋದಿಲ್ಲ. ಪಾಯಿಂಟ್ಸ್ ಟೇಬಲ್ಲಿನಲ್ಲಿ ಅಕ್ಕಪಕ್ಕ ಕೂತಿವೆ ಅಷ್ಟೆ.

ಆದರೆ ಇಲ್ಲೂ ಒಂಚೂರು ಲೆಕ್ಕ ಮಾಡಿ. ಆಬರ್ನಿನ 17 ಅಂದರೆ 7, 7, ಮತ್ತು 3. ಆ 3 ಎಲ್ಲಿಂದ ಬಂತು? ಗಾರ್ಡ್ನರ್ ಜೆಟ್ ಒದ್ದ ಫೀಲ್ಡ್ ಗೋಲಿನಿಂದ. 16-0 ಹಿಂದಿದ್ದಾಗ ಬರೀ 3 ಅಂಕಕ್ಕೆ ಒದೆಸಿದ್ದು ಆಬರ್ನ್ ಕೋಚ್ ಶಗ್ ಜೋರ್ಡನ್. ಎರಡೂ ಟಚ್‌ಡೌನ್ ಆದಮೇಲಿನ ಒಂದೊಂದು ಅಂಕವನ್ನೂ ಒದ್ದು ತಂದವನು ಇದೇ ಜೆಟ್. ಅಲಬಾಮಾದ್ದು 17 ಆಗದೆ 16 ಯಾಕಾಯ್ತು? ಅವರ ಒಂದು ಹೆಚ್ಚುವರಿ ಅಂಕದ ಒದೆತವನ್ನು ರೋಜರ್ ಮಿಚೆಲ್ ತಡೆದಿದ್ದ. ಒಂದಂಕದ ಗೆಲುವಿನಲ್ಲಿ ಆ ಒಂದಂಕ ಅವನದ್ದು. ನ್ಯೂಟನ್, ಲ್ಯಾಂಗ್ನರ್ ಹೆಸರು ಆಬರ್ನಿನಲ್ಲಿ ಮೊಮ್ಮಕ್ಕಳಿಗೂ ಗೊತ್ತು. ಮಿಚೆಲ್ ಹೆಸರು ಹೇಳಿದಾಗ ನನ್ನ ಜೊತೆ ಕೆಲಸ ಮಾಡ್ತಿದ್ದ ಹುಟ್ಟಾ ಆಬರ್ನ್ ಭಕ್ತನೊಬ್ಬ "ಯಾರದು?" ಅಂದ.

ಅಲಬಾಮಾ ಬಿಟ್ಟು ಹೊರಗೆ ಹೋದರೂ ಇದೇ ಕತೆ. ಇಡಾಹೊ ರಾಜ್ಯದ ಬಾಯ್ಸಿ ಸ್ಟೇಟ್, ನೀಲಿ ಹುಲ್ಲಿನ ಮೈದಾನದ ಟೀಮು. 2007ರ ಜನವರಿ 1ರಂದು ಫಿಯೆಸ್ಟಾ ಬೌಲ್‌ನಲ್ಲಿ ದೊಡ್ಡಮನೆ ಒಕ್ಲಹೋಮಾವನ್ನು 43-42ರಲ್ಲಿ ಮಣಿಸಿತು. ಅದರ ಅಭಿಮಾನಿಗಳು ಜೋಡಿ ಅಂತ ಹೇಳೋದು ಯಾವುದನ್ನ? 7 ಸೆಕೆಂಡ್ ಉಳಿದಾಗ ಡ್ರಿಸನ್ ಜೇಮ್ಸ್ ಪಾಸ್ ಹಿಡಿದು, ಎದುರಿಂದ ಓಡಿ ಬಂದ ಜೆರಾರ್ಡ್ ರ‍್ಯಾಬ್‌ಗೆ ಪಕ್ಕಕ್ಕೆ ದಾಟಿಸಿ ಸ್ಕೋರು ಸಮ ಮಾಡಿದ್ದು ಒಂದು. ಓವರ್‌ಟೈಮಿನಲ್ಲಿ 'ಲಿಬರ್ಟಿ ಪ್ರತಿಮೆ' ಇನ್ನೊಂದು: ಕ್ವಾರ್ಟರ್‌ಬ್ಯಾಕ್ ಜೆರೆಡ್ ಜಬ್ರಾನ್ಸ್ಕಿ ಖಾಲಿ ಬಲಗೈಯನ್ನು ಬಲಕ್ಕೆ ಬೀಸಿ, ಎಡಗೈಯಲ್ಲಿದ್ದ ಚೆಂಡನ್ನು ಬೆನ್ನ ಹಿಂದಿನಿಂದ ಇಯಾನ್ ಜಾನ್ಸನ್‌ಗೆ ಕೊಟ್ಟದ್ದು. ಜಾನ್ಸನ್ ಎಡಕ್ಕೆ ವಾಕಿಂಗ್ ಹೋದ ಹಾಗೆ ಹೋದ. ಆಮೇಲೆ ಟಿವಿ ಮುಂದೆಯೇ ಗೆಳತಿಗೆ ಮದುವೆ ಆಗ್ತೀಯಾ ಅಂತ ಕೇಳಿದ. ಇಷ್ಟಾದ ಮೇಲೆ ಬೇರೆಯದು ಯಾರಿಗೆ ನೆನಪಿರುತ್ತೆ!

ಆದರೆ ಪ್ರತಿಮೆಯ ಹಿಂದಿನ ಪ್ಲೇ, ನಿಜವಾಗಿ ಬೆನ್ನಿಗೆ ಬೆನ್ನು ತಾಗಿದ ಪ್ಲೇ, ವಿನ್ನಿ ಪೆರೆಟ್ಟಾ ಅವನದ್ದು. ನಾಲ್ಕನೇ ಅವಕಾಶ, ತಪ್ಪಿದರೆ ಪಂದ್ಯವೇ ಮುಗೀತು. ಚೆಂಡು ಕ್ವಾರ್ಟರ್‌ಬ್ಯಾಕ್ ಕೈಗೆ ಹೋಗಲೇ ಇಲ್ಲ, ನೇರ ಪೆರೆಟ್ಟಾ ಕೈಗೆ. ಪಾಸ್ ಎಸೆಯೋದು ಅವನ ದಿನದ ಕೆಲಸ ಅಲ್ಲ. ಓಡುತ್ತಾ ಡೆರೆಕ್ ಶೌಮನ್‌ಗೆ ಎಸೆದ, 42-41. ಆಗ ಕೋಚ್ ಕ್ರಿಸ್ ಪೀಟರ್ಸನ್ ಒಂದಂಕ ಒದ್ದು ಸಮ ಮಾಡಬಹುದಿತ್ತು. ಬೇಡ ಅಂದು 2 ಅಂಕಕ್ಕೆ ಹೋದರು. ಕ್ವಾರ್ಟರ್‌ಬ್ಯಾಕ್ ಅಲ್ಲದವನು ಎಸೆದದ್ದನ್ನು ಈಗಷ್ಟೇ ನೋಡಿದ ಒಕ್ಲಹೋಮಾಕ್ಕೆ, ಕ್ವಾರ್ಟರ್‌ಬ್ಯಾಕ್ ಕೈ ಎತ್ತಿದ್ದು ಕಂಡಾಗ ಈ ಸಲ ಮಾಮೂಲು ಪಾಸ್ ಅನಿಸಿರಬೇಕು. ಒಂದು ಮೋಸ ಇನ್ನೊಂದಕ್ಕೆ ದಾರಿ ಮಾಡಿತ್ತು. ನಾನು ಕಂಡ ಹಾಗೆ ಶುದ್ಧ ಅರ್ಥದ ಬ್ಯಾಕ್ ಟು ಬ್ಯಾಕ್ ಇದಕ್ಕಿಂತ ಒಳ್ಳೇದಿಲ್ಲ. ಆದರೆ ಜನ ಜೋಡಿ ಅಂತ ಹೇಳುವಾಗ ಪೆರೆಟ್ಟಾನನ್ನು ಹಾರಿಸಿ ಹೋಗ್ತಾರೆ.

ಹಾರಿಸಿದರೆ ಹಾರಿಸಲಿ, ಆಟ ತಾನೇ ಅನ್ನಬಹುದು. ಆದರೆ ಇವರೆಲ್ಲ 20ರ ಆಸುಪಾಸಿನ ವಿದ್ಯಾರ್ಥಿಗಳು. ಕೋಚುಗಳು ಕೋಟಿಗಟ್ಟಲೆ ಎಣಿಸ್ತಿದ್ದಾಗ ಇವರಿಗೆ ಸ್ಕಾಲರ್‌ಶಿಪ್ ಬಿಟ್ಟರೆ ಹೆಸರೊಂದೇ ಗಳಿಕೆ. 2021ರ ಜುಲೈನಿಂದ ತಮ್ಮ ಹೆಸರು, ಮುಖ ಮಾರಿ ದುಡಿಯೋಕೆ ಅವಕಾಶ ಆಯ್ತು. ಅಂದರೆ ಅಭಿಮಾನಿಗಳ ನೆನಪಿಗೆ ಈಗ ಮಾರ್ಕೆಟ್ ರೇಟ್ ಇದೆ. ರಿಲೀಸ್ ರಾತ್ರಿ ಬಗ್ ಸರಿಮಾಡಿದವನಿಗೆ ಅವಾರ್ಡು, ಆರು ತಿಂಗಳು ಟೆಸ್ಟ್ ಬರೆದವಳಿಗೆ 'ಮೀಟ್ಸ್ ಎಕ್ಸ್‌ಪೆಕ್ಟೇಶನ್ಸ್' ಕೊಡೋ ಅಪ್ರೈಸಲ್ ಇದೆಯಲ್ಲ, ಅದರ ಜಾತಿಯದೇ ಇದು. ನೆನಪು ಉಲ್ಟಾ ಹೊಡೆದಾಗ ಇನ್ನೂ ಕೆಟ್ಟದು. ಕಿಕ್ ಸಿಕ್ಸ್ ದಿನ ಅಲಬಾಮಾದ ಕೇಡ್ ಫಾಸ್ಟರ್ ಅವನ ಮೂರು ಫೀಲ್ಡ್ ಗೋಲ್ ಯತ್ನಗಳು ಹೋಗಿದ್ದವು. ಕೊನೆಯ ಒದೆತ ಅವನದ್ದಲ್ಲವೇ ಅಲ್ಲ, ಆಡಮ್ ಗ್ರಿಫಿತ್‌ದು. ಆದರೂ ಫಾಸ್ಟರ್‌ಗೆ ಕೊಲೆ ಬೆದರಿಕೆಗಳು ಬಂದವು, ಸ್ವಂತ ಟೀಮಿನ ಅಭಿಮಾನಿಗಳಿಂದಲೂ. ಮಾಜಿ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಶ್ ಸಮಾಧಾನ ಹೇಳಿ ಕೈಬರಹದ ಕಾಗದ ಕಳಿಸಿದರು. ಒಂದು ಒದೆತದ ಸಿಟ್ಟಿಗೆ ಹತ್ತಿರ ಸಿಕ್ಕ ಮುಖ ಸಾಕಾಯ್ತು.

ಕ್ಲಿಪ್ಪು ಎಲ್ಲಿ ನಿಲ್ಲುತ್ತೆ ಅನ್ನೋದನ್ನೂ ಗಮನಿಸಿ. 2013ರ ಜೋಡಿಯ ಸಿನಿಮಾ ಕಿಕ್ ಸಿಕ್ಸ್‌ಗೆ ಮುಗಿಯುತ್ತೆ. ಅದೇ ಟೀಮು ಜನವರಿ 6ಕ್ಕೆ ಪ್ಯಾಸಡೀನಾದಲ್ಲಿ ರಾಷ್ಟ್ರೀಯ ಫೈನಲ್ ಆಡಿ, 13 ಸೆಕೆಂಡ್ ಇದ್ದಾಗ ಫ್ಲೋರಿಡಾ ಸ್ಟೇಟ್‌ಗೆ ಟಚ್‌ಡೌನ್ ಬಿಟ್ಟುಕೊಟ್ಟು 34-31ರಲ್ಲಿ ಸೋತಿತು. ಆ ಸೋಲು ಜೋಡಿಯಲ್ಲಿ ಬರಲ್ಲ, ಬರಬೇಕಾಗಿಯೂ ಇಲ್ಲ ಬಿಡಿ.

ಬರಬೇಕಾದ್ದು ಬೇರೆ ಇದೆ. ಜಾರ್ಜಿಯಾ ಪಂದ್ಯದ ವಿಡಿಯೊ ಪೂರ್ತಿ ಸಿಕ್ಕರೆ ಲೂಯಿಸ್ ಚೆಂಡು ಹಿಡಿದಲ್ಲಿಗೆ ನಿಲ್ಲಿಸಬೇಡಿ. ಇನ್ನೂ 25 ಸೆಕೆಂಡ್ ಉಳಿದಿದೆ. ಜಾರ್ಜಿಯಾದ ಆರನ್ ಮರ‍್ರಿ ಟೀಮನ್ನು ಸರಸರನೆ ಗೆರೆ ಹತ್ತಿರ ತಂದುಬಿಡ್ತಾನೆ. ಒಂದು ಟಚ್‌ಡೌನ್ ಬಿದ್ದರೆ ಪ್ರಾರ್ಥನೆ ಗಿರಾರ್ಥನೆ ಎಲ್ಲ ನೆಗೆದುಬಿತ್ತು. ಕೊನೆಯ ಪ್ಲೇ. ಮರ‍್ರಿ ಎಸೆಯೋಕೆ ಕೈ ಎತ್ತುತ್ತಾನೆ. ಆಬರ್ನಿನ ಡೀ ಫೋರ್ಡ್ ಓಡಿಬಂದು ಅವನಿಗೆ ಅಪ್ಪಳಿಸ್ತಾನೆ. ಚೆಂಡು ಯಾರಿಗೂ ಸಿಗದೆ ಹುಲ್ಲಿಗೆ ಬೀಳುತ್ತೆ, ಗಡಿಯಾರದಲ್ಲಿ ಸೊನ್ನೆ.