ಬಿಡುಗಡೆಯ ಕರ್ತೃ ಯಾರು?

ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯ ಕೊನೆಯನ್ನು ನಾವು ಸಾಮಾನ್ಯವಾಗಿ ನಿಸರ್ಗದ ವಿಸ್ಮಯ ಎಂದು ಓದುತ್ತೇವೆ. ವಿಜ್ಞಾನಿ ಕರ್ವಾಲೊ, ಮಂದಣ್ಣ, ಕರಿಯಪ್ಪ, ಎಂಗ್ಟ ಎಲ್ಲರೂ ಬೆನ್ನಟ್ಟಿದ ಹಾರುವ ಓತಿ ಇನ್ನೇನು ಸಿಕ್ಕಿತು ಎನ್ನುವಾಗ ಕಣಿವೆಯತ್ತ ತೇಲಿಹೋಗುತ್ತದೆ. ಒಂದು ಸಂಗತಿಯನ್ನು ಗಮನಿಸಿ: ಅದನ್ನು ಯಾರೂ ಕನಿಕರಿಸಿ ಬಿಡುವುದಿಲ್ಲ. ಅದೇ ಹಾರುತ್ತದೆ. ಇಲ್ಲಿ ಕರ್ತೃ ಓತಿ, ಮನುಷ್ಯನಲ್ಲ.

ಪ್ರಾಣಿಗಳ ಬಿಡುಗಡೆಯ ಕಥನಗಳಲ್ಲಿ ಹೆಚ್ಚಾಗಿ ಇದು ತಿರುವುಮುರುವು. 1998ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ಹೋರಾಟಗಾರರು ತುಪ್ಪಳಕ್ಕಾಗಿ ಮಿಂಕ್ ಸಾಕುವ ಫಾರ್ಮೊಂದಕ್ಕೆ ನುಗ್ಗಿ ಸುಮಾರು 6,000 ಪ್ರಾಣಿಗಳನ್ನು ಹೊರಬಿಟ್ಟರು. ಪಂಜರ ತೆರೆದವರ ಕಥೆ ಅಲ್ಲಿಗೆ ಮುಗಿಯಿತು. ಮಿಂಕ್‌ಗಳ ಕಥೆ ಅಲ್ಲಿಂದ ಶುರುವಾಯಿತು. ಅಮೆರಿಕ ಮೂಲದ ಆ ಬೇಟೆಗಾರ ಪ್ರಾಣಿಗಳಲ್ಲಿ ಅನೇಕವು ಗುಂಡಿಗೆ, ವಾಹನಗಳಿಗೆ ಸಿಕ್ಕಿ ಸತ್ತವು; ಸುತ್ತಲಿನ ಹಕ್ಕಿಗಳು, ಸಾಕುಪ್ರಾಣಿಗಳು ಅವುಗಳ ಬಾಯಿಗೆ ಬಿದ್ದವು. ಫಾರ್ಮುಗಳ ಕ್ರೌರ್ಯವೇನೂ ಸುಳ್ಳಲ್ಲ; 2000ದಲ್ಲಿ ಅಲ್ಲಿ ಕಾನೂನು ತಂದು ಇಂಥ ಸಾಕಣೆಯನ್ನೇ ನಿಷೇಧಿಸಲಾಯಿತು. ಆದರೆ ‘ಬಿಡಿಸಿದೆವು’ ಎಂಬ ವಾಕ್ಯದಲ್ಲಿ ಮಿಂಕ್ ಬರೀ ಕರ್ಮಪದ.

ದೊಮ್ಮಲೂರಿನಲ್ಲಿ ಕೂತು ತೇಜಸ್ವಿಯವರನ್ನು ಓದುವವರಿಗೆ ಮೂಡಿಗೆರೆಯ ಕಾಡು ದೂರ, ಬನ್ನೇರುಘಟ್ಟ ಹತ್ತಿರ. ಅಲ್ಲಿನ ಕರಡಿ ಪುನರ್ವಸತಿ ಕೇಂದ್ರಕ್ಕೆ 2009ರ ಡಿಸೆಂಬರ್‌ನಲ್ಲಿ ಬಂದ ‘ರಾಜು’ವನ್ನು ದೇಶದ ಕೊನೆಯ ಕುಣಿಯುವ ಕರಡಿ ಎಂದು ಕರೆದರು. ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಕರಡಿಗಳನ್ನು ಪಡೆಯುವಾಗ, ಅವುಗಳನ್ನೇ ನಂಬಿದ್ದ ಕಲಂದರ್ ಕುಟುಂಬಗಳಿಗೆ ಬೇರೆ ಕಸುಬಿನ ದಾರಿಯನ್ನೂ ತೋರಿಸಿತು. ಕುಣಿಸುವ ಕರಡಿಯೆಂದರೆ ಮರಿಯಾಗಿದ್ದಾಗಲೇ ತಾಯಿಯಿಂದ ಅಗಲಿದ್ದು, ಮೂತಿ ಚುಚ್ಚಿಸಿಕೊಂಡು ಹಗ್ಗ ಹೊತ್ತದ್ದು, ಹಲ್ಲು ಕಳೆದುಕೊಂಡದ್ದು. ಕಾಡಿಗೆ ಬಿಟ್ಟರೆ ಅದು ಬದುಕಲಾರದು. ಹಾಗಾಗಿ ಹಗ್ಗ ಬಿಚ್ಚಿದರು, ಬೇಲಿ ಉಳಿಸಿಕೊಂಡರು.

‘ಕರ್ವಾಲೊ’ದ ಮಿತಿ ಕಾಣುವುದು ಇಲ್ಲೇ. ಅದರ ಓತಿ ಒಮ್ಮೆಯೂ ಸೆರೆಯಲ್ಲಿ ಬಾಳಿದ್ದಲ್ಲ. ಆದ್ದರಿಂದಲೇ ಅದು ಅಷ್ಟು ಚೆಂದವಾಗಿ ಹಾರಬಲ್ಲದು. ಇತ್ತ ಪುರಂದರದಾಸರ ಕೀರ್ತನೆಯಲ್ಲಿ ಗಿಳಿಯ ಪಂಜರ ಬರಿದಾಗುವುದೆಂದರೆ ಸಾವು. ಹಾರುವ ಓತಿಗೂ ಇಲ್ಲವಾದ ಗಿಳಿಗೂ ನಡುವೆ ರಾಜು ಇದ್ದಾನೆ: ಬಿಡುಗಡೆಯಾದರೂ ಕಾಡಿಗೆ ಮರಳಲಾರದವನು. ಬಾಗಿಲು ತೆರೆದ ಕ್ಷಣಕ್ಕೆ ಮುಗಿಯುವ ಕಥೆ ಅವನಿಗೆ ಸಾಲದು. ಮಾರನೆಯ ಬೆಳಗ್ಗೆ ಗಂಜಿ ಕಲಸಿಡುವವರು ಯಾರು, ಎಷ್ಟು ವರ್ಷ ಎಂಬಲ್ಲಿಂದ ಶುರುವಾಗುವ ಕಥೆ ಬೇಕು. ಅಂಥ ಕಥೆಯಲ್ಲಿ ಮನುಷ್ಯ ಕರ್ತೃವಾಗಿ ಉಳಿಯುವುದು ಹೆಮ್ಮೆಗಲ್ಲ, ಋಣಕ್ಕೆ.