ಹೊಟ್ಟೆಕಿಚ್ಚಿಗೆ ಸಾಕ್ಷಿ ಹೇಳುವ ಕಾದಂಬರಿಗಳು

‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು’ ಎಂಬ ಗಾದೆ ಕಟ್ಟಿದ ನಮ್ಮ ಹಿರಿಯರ ಮನಸ್ಸಿನಲ್ಲಿದ್ದದ್ದು ಹೊಲ, ಗದ್ದೆ, ಹಿತ್ತಿಲ ಪಾಲು. ಇಲ್ಲಿ ಅಮೆರಿಕದಲ್ಲಿ ನಮ್ಮ ಮಕ್ಕಳು ಲೈಬ್ರರಿಯಿಂದ ಹೊತ್ತು ತರುವ ಒಂದು ಬಗೆಯ ಕಾದಂಬರಿಗಳಲ್ಲೂ ಒಡಹುಟ್ಟಿದವರು ದಾಯಾದಿಗಳಾಗುತ್ತಾರೆ. ಆದರೆ ಅಲ್ಲಿ ಪಾಲಿಗೆ ಬರುವುದು ಗದ್ದೆಯಲ್ಲ, ಅಪ್ಪ ಅಮ್ಮನ ಪ್ರೀತಿ. ಅಳೆದು ಹಂಚಿಕೊಡಲು ಶಾನುಭೋಗರಿಲ್ಲದ ಆಸ್ತಿ ಅದು!

ಲೈಬ್ರರಿಯಲ್ಲಿ ‘ಯಂಗ್ ಅಡಲ್ಟ್’ ಎಂಬ ಕಪಾಟಿನಲ್ಲಿ, ಸುಮಾರು 12ರಿಂದ 18 ವರ್ಷದವರಿಗೆಂದು ಇಟ್ಟಿರುವ ಪುಸ್ತಕಗಳಿವು. ಇವನ್ನು ಸೈಕಲಾಜಿಕಲ್ ಥ್ರಿಲ್ಲರ್ ಎನ್ನುತ್ತಾರೆ. ರಕ್ತ, ಪಿಸ್ತೂಲು ಕಡಿಮೆ. ಮನಸ್ಸಿನ ಆಟ ಹೆಚ್ಚು. ಅಕ್ಕನೋ ತಂಗಿಯೋ ನಯವಾಗಿ ಮಾತಾಡಿ ಮನೆಯವರನ್ನೆಲ್ಲ ತನ್ನ ಕಡೆ ಮಾಡಿಕೊಂಡು ಇನ್ನೊಬ್ಬಳನ್ನು ಮೂಲೆಗೆ ತಳ್ಳುವ ಕಥೆಗಳು. ಇಂಥ ಪುಸ್ತಕ ಕಂಡಾಗ ನಮ್ಮಲ್ಲಿ ಕೆಲವರು ‘ಏನೋ ಒಂದು ಓದ್ತಾರಲ್ಲ, ಸಾಕು’ ಎನ್ನುತ್ತಾರೆ. ಇನ್ನು ಕೆಲವರು ಮುಖಪುಟ ನೋಡಿಯೇ ‘ಇಂಥದ್ದೆಲ್ಲ ಯಾಕೆ ಓದ್ತೀ?’ ಎಂದು ಗದರುತ್ತಾರೆ. ಎರಡೂ ಕಡೆಯವರು ಪುಸ್ತಕವನ್ನು ಮಾತ್ರ ತೆರೆದಿರುವುದಿಲ್ಲ. ಆದ್ದರಿಂದ ಈ ಸಂಚಿಕೆಯಲ್ಲಿ ಅಂಥ ಮೂರು ಕಾದಂಬರಿಗಳನ್ನೂ, ಅವುಗಳ ಪಕ್ಕದಲ್ಲಿಟ್ಟು ನೋಡಬೇಕಾದ ಥ್ರಿಲ್ಲರ್ ಅಲ್ಲದ ಇನ್ನೊಂದನ್ನೂ ಓದುಗರ ಮುಂದಿಡುತ್ತಿದ್ದೇನೆ.

ಮೊದಲು ಒಂದು ಮಾತು. ಮಕ್ಕಳು ಇಂಗ್ಲಿಷಿನಲ್ಲಿ ‘ಮ್ಯಾನಿಪ್ಯುಲೇಷನ್’ ಎನ್ನುವುದಕ್ಕೆ ನಮ್ಮಲ್ಲಿ ಒಂದೇ ಪದವಿಲ್ಲ, ಆದರೆ ಹತ್ತು ಪದಗಳಿವೆ: ಚಾಡಿ ಹೇಳುವುದು, ಕಿವಿ ಊದುವುದು, ಹುಳಿ ಹಿಂಡುವುದು, ಒಬ್ಬರ ಮೇಲೆ ಒಬ್ಬರನ್ನು ಎತ್ತಿಕಟ್ಟುವುದು. ಮಂಥರೆಯನ್ನೂ ಶಕುನಿಯನ್ನೂ ಬಲ್ಲ ನಮಗೆ ವಿಷಯ ಹೊಸದಲ್ಲ. ಈಗ ಮಕ್ಕಳ ಬಾಯಲ್ಲಿ ಓಡಾಡುವ ‘ಗ್ಯಾಸ್‌ಲೈಟಿಂಗ್’ ಎಂಬ ಮಾತೂ ಬಂದದ್ದು ಒಂದು ನಾಟಕದಿಂದ. ಪ್ಯಾಟ್ರಿಕ್ ಹ್ಯಾಮಿಲ್ಟನ್ 1938ರಲ್ಲಿ ಬರೆದ ‘ಗ್ಯಾಸ್ ಲೈಟ್’ನಲ್ಲಿ ಗಂಡನೊಬ್ಬ ಹೆಂಡತಿಗೆ ತನ್ನ ಕಣ್ಣು, ನೆನಪುಗಳ ಮೇಲೆಯೇ ನಂಬಿಕೆ ಹೋಗುವಂತೆ ಮಾಡುತ್ತಾನೆ. 2022ರಲ್ಲಿ ಮೆರಿಯಮ್ ವೆಬ್‌ಸ್ಟರ್ ನಿಘಂಟಿನವರು ಆ ಪದವನ್ನು ವರ್ಷದ ಪದವೆಂದು ಆರಿಸಿದರು. ಹಳೆಯ ನಾಟಕದ ಗಂಡ ಹೆಂಡತಿಯ ಜಾಗದಲ್ಲಿ ಅಕ್ಕ ತಂಗಿಯರನ್ನು ಕೂರಿಸಿದರೆ ನಾವು ಹೇಳಹೊರಟಿರುವ ಕಾದಂಬರಿ ಸಿದ್ಧ.

ಮೊದಲನೆಯದು ಲೋಯಿಸ್ ಡಂಕನ್ ಅವರ ‘ಸಮ್ಮರ್ ಆಫ್ ಫಿಯರ್’ (1976). ನ್ಯೂ ಮೆಕ್ಸಿಕೋದ ಆಲ್ಬಕರ್ಕಿಯಲ್ಲಿ ರೇಚಲ್ ಎಂಬ ಹುಡುಗಿಯ ಸಂಸಾರ. ಕಾರಿನ ಅಪಘಾತದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡ ಜೂಲಿಯಾ, ಸಂಬಂಧದಲ್ಲಿ ರೇಚಲ್‌ಗೆ ಅಕ್ಕ, ಇವರ ಮನೆಗೆ ಬಂದು ಸೇರುತ್ತಾಳೆ. ಒಂದೇ ಬೇಸಿಗೆಯಲ್ಲಿ ರೇಚಲ್‌ಳ ಗೆಳತಿ, ಗೆಳೆಯ, ಅಣ್ಣ, ಕೊನೆಗೆ ಅಪ್ಪ ಅಮ್ಮ ಎಲ್ಲರೂ ಜೂಲಿಯಾಳ ಕಡೆ ವಾಲುತ್ತಾರೆ. ಡ್ಯಾನ್ಸಿನ ದಿನ ರೇಚಲ್‌ಗೆ ಮೈಯೆಲ್ಲ ದದ್ದು ಏಳುತ್ತದೆ. ಅವಳ ಉಡುಪು ತೊಟ್ಟು ಅವಳ ಗೆಳೆಯನ ಜೊತೆ ಹೋಗುವವಳು ಜೂಲಿಯಾ. ಜೂಲಿಯಾಳನ್ನು ಕಂಡರೆ ಗುರುಗುಟ್ಟುವ ನಾಯಿ ಸಾಯುತ್ತದೆ. ಇದರ ಹಿಂದೆ ಮಾಟ ಇದೆ ಎಂಬ ಅನುಮಾನ ರೇಚಲ್‌ಗೆ ಬರುತ್ತದೆ. ವೆಸ್ ಕ್ರೇವನ್ 1978ರಲ್ಲಿ ಇದನ್ನು ಟೆಲಿವಿಷನ್ ಚಿತ್ರ ಮಾಡಿದರು.

ಮಾಟದ ಭಾಗ ನನಗೆ ಅಷ್ಟು ಮುಖ್ಯವೆನಿಸಲಿಲ್ಲ. ಬೆನ್ನಿನಲ್ಲಿ ಚಳಿ ಹುಟ್ಟಿಸುವ ಜಾಗ ಬೇರೆ ಇದೆ. ರೇಚಲ್ ಕಂಡದ್ದನ್ನು ಕಂಡಂತೆ ಹೇಳಿದಾಗ ಮನೆಯವರು ಕೊಡುವ ಉತ್ತರ ಒಂದೇ: ನಿನಗೆ ಹೊಟ್ಟೆಕಿಚ್ಚು. ಈ ಒಂದು ಮಾತು ಹೇಳಿದರೆ ಆಯಿತು, ಆ ಹುಡುಗಿ ಮುಂದೆ ಏನು ಹೇಳಿದರೂ ಅದು ಹೊಟ್ಟೆಕಿಚ್ಚಿಗೇ ಸಾಕ್ಷಿ. ಅತ್ತರೂ ಹೊಟ್ಟೆಕಿಚ್ಚು, ಸುಮ್ಮನಿದ್ದರೂ ಹೊಟ್ಟೆಕಿಚ್ಚು. ಜೂಲಿಯಾ ಮಾಡಬೇಕಾದ ಕೆಲಸದಲ್ಲಿ ಅರ್ಧವನ್ನು ಅಪ್ಪ ಅಮ್ಮನೇ ಮಾಡಿಕೊಡುತ್ತಾರೆ, ಅದೂ ಒಳ್ಳೆಯ ಮನಸ್ಸಿನಿಂದ, ತಬ್ಬಲಿ ಹುಡುಗಿಯ ಮೇಲಿನ ಕನಿಕರದಿಂದ. ಡಂಕನ್ ಅವರ ಈ ಹಿಡಿತ ದೊಡ್ಡದು.

ಅವರದೇ ‘ಸ್ಟ್ರೇಂಜರ್ ವಿತ್ ಮೈ ಫೇಸ್’ (1981) ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನ್ಯೂ ಇಂಗ್ಲೆಂಡಿನ ದ್ವೀಪವೊಂದರಲ್ಲಿರುವ ಲಾರಿ ಎಂಬ 17 ವರ್ಷದ ಹುಡುಗಿಗೆ ಜನ ಹೇಳುತ್ತಾರೆ, ‘ನಿನ್ನನ್ನು ಅಲ್ಲಿ ನೋಡಿದೆವು’ ಎಂದು. ಅವಳು ಅಲ್ಲಿಗೆ ಹೋಗಿಯೇ ಇರುವುದಿಲ್ಲ! ತಾನು ದತ್ತುಮಗಳು, ತನಗೆ ಲಿಯಾ ಎಂಬ ಅವಳಿ ಇದ್ದಾಳೆ ಎಂಬುದು ಆಮೇಲೆ ತಿಳಿಯುತ್ತದೆ. ದೇಹ ಬಿಟ್ಟು ಸಂಚರಿಸಬಲ್ಲ ಲಿಯಾ ಆ ವಿದ್ಯೆಯನ್ನು ಲಾರಿಗೂ ಕಲಿಸುತ್ತೇನೆಂದು ಪುಸಲಾಯಿಸುತ್ತಾಳೆ. ಯಾಕೆಂದು ನೀವೇ ಊಹಿಸಿ. ಖಾಲಿ ಬಿಟ್ಟ ಮನೆಗೆ ಬೇರೆಯವರು ಹೊಕ್ಕು ಬಾಗಿಲು ಹಾಕಿಕೊಳ್ಳುವುದಕ್ಕೆ ಎಷ್ಟು ಹೊತ್ತು ಬೇಕು? ವ್ಯತ್ಯಾಸವನ್ನು ಹಿಡಿಯುವವಳು ಪುಟ್ಟ ತಂಗಿ ಮೇಗನ್. ದೊಡ್ಡವರಿಗೆ ಮುಖ ಸಾಕು, ಮಗುವಿಗೆ ಮನುಷ್ಯಳು ಬೇಕು.

ಈ ಕಾದಂಬರಿಯ ತಿರುಳು ಒಂದು ಹಳೆಯ ಸಂಗತಿಯಲ್ಲಿದೆ. ದತ್ತು ಪಡೆಯಲು ಹೋದ ತಾಯಿ ಇಬ್ಬರು ಅವಳಿ ಕೂಸುಗಳಲ್ಲಿ ಒಂದನ್ನು ಮಾತ್ರ ಆರಿಸಿ ತಂದಳು. ಇನ್ನೊಂದನ್ನು ಎತ್ತಿಕೊಂಡಾಗ ಅವಳಿಗೆ ಏನೋ ಸರಿ ಎನಿಸಲಿಲ್ಲ. ಲಿಯಾ ಬೇರೆಯವರ ಮನೆಗಳಲ್ಲಿ ಬೆಳೆದಳು. ಇಲ್ಲಿ ಒಬ್ಬ ದೊಡ್ಡ ಲೇಖಕರಿಗೆ ಎಂಥ ಪ್ರಶ್ನೆ ಸಿಕ್ಕಿತ್ತು! ಬಿಟ್ಟುಬಂದ ಮಗು ಕೆಟ್ಟದ್ದಾದದ್ದು ಹುಟ್ಟಿನಿಂದಲೋ, ಬಿಟ್ಟುಬಂದದ್ದರಿಂದಲೋ? ಡಂಕನ್ ಆ ಪ್ರಶ್ನೆಯ ಹೊಸ್ತಿಲ ತನಕ ಬಂದು ಹಿಂದಕ್ಕೆ ಹೋಗುತ್ತಾರೆ. ಲಿಯಾ ಹುಟ್ಟಾ ಕೆಟ್ಟವಳು ಎಂದು ತೀರ್ಮಾನಿಸಿ ತಾಯಿಯನ್ನು ಪಾರು ಮಾಡುತ್ತಾರೆ. ಜೊತೆಗೆ ಇಬ್ಬರ ಹೆತ್ತ ತಾಯಿ ನವಾಹೋ ಬುಡಕಟ್ಟಿನವಳು ಎಂದು ಹೇಳಿ, ಆ ವಿದ್ಯೆ ಅಲ್ಲಿಂದ ಬಂದದ್ದು ಎನ್ನುತ್ತಾರೆ. ಬೇರೆ ಜನಾಂಗ ಎಂದರೆ ಮಾಯ, ಮಂತ್ರ ಎಂಬ ಈ ಅಭ್ಯಾಸ ಭಾರತದಿಂದ ಬಂದ ನಮಗೆ ಚೆನ್ನಾಗಿ ಗೊತ್ತಿರುವಂಥದ್ದೇ. ಓದುವ ಮಕ್ಕಳಿಗೆ ಇದನ್ನು ತೋರಿಸಿಕೊಡಬೇಕು. ಡಂಕನ್ 2016ರಲ್ಲಿ ತೀರಿಕೊಂಡರು. 2010ರ ನಂತರ ಬಂದ ಹೊಸ ಮುದ್ರಣಗಳಲ್ಲಿ ಮೊಬೈಲ್ ಫೋನು ಮುಂತಾದವನ್ನು ಸೇರಿಸಿದ್ದಾರೆ. ಇದು ಹಳೆಯದಾಗಿಯೇ ಉಳಿದಿದೆ.

ಇಲ್ಲಿ ನಮ್ಮ ಪಂಪನನ್ನು ನೆನೆಯದೆ ಮುಂದೆ ಹೋಗಲಾಗದು. ಕ್ರಿ.ಶ. 941ರ ‘ಆದಿಪುರಾಣ’ದಲ್ಲಿ ಭರತ, ಬಾಹುಬಲಿ ಇಬ್ಬರೂ ಒಂದೇ ತಂದೆಯ ಮಕ್ಕಳು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಲ್ಲವೂ ನಾಲ್ಕು ಜನರ ಎದುರಿನಲ್ಲೇ. ಗೆದ್ದವನು ಗೆದ್ದದ್ದನ್ನೇ ಬಿಟ್ಟು ಹೊರಡುತ್ತಾನೆ. ಅಲ್ಲಿ ಹಗೆ ಬಯಲಿನಲ್ಲಿದೆ, ಆದ್ದರಿಂದ ಅದಕ್ಕೊಂದು ಕೊನೆಯೂ ಇದೆ. ಈ ಥ್ರಿಲ್ಲರ್‌ಗಳಲ್ಲಿ ಹಗೆ ಊಟದ ಮೇಜಿನ ಬಳಿ ನಗುನಗುತ್ತಾ ಕೂತಿರುತ್ತದೆ. ಅದನ್ನು ಬಯಲಿಗೆ ತರುವುದೇ ಕಥೆ.

ಮೂರನೆಯದು ಇ. ಲಾಕ್‌ಹಾರ್ಟ್ ಅವರ ‘ವಿ ವರ್ ಲಯರ್ಸ್’ (2014). 2025ರಲ್ಲಿ ಪ್ರೈಮ್ ವಿಡಿಯೋದಲ್ಲಿ ಧಾರಾವಾಹಿಯಾಗಿ ಬಂದದ್ದರಿಂದ ಹಲವು ಮನೆಗಳಲ್ಲಿ ನೋಡಿರಬಹುದು. ಮ್ಯಾಸಚೂಸೆಟ್ಸ್ ಕರಾವಳಿಯ ಮಾರ್ಥಾಸ್ ವಿನ್‌ಯಾರ್ಡ್ ಹತ್ತಿರ ಹ್ಯಾರಿಸ್ ಸಿಂಕ್ಲೇರ್ ಎಂಬ ಶ್ರೀಮಂತ ಮುದುಕನ ಸ್ವಂತ ದ್ವೀಪ. ಮೂವರು ಹೆಣ್ಣುಮಕ್ಕಳಿಗೂ ಅಲ್ಲಿ ಒಂದೊಂದು ಮನೆ ಕಟ್ಟಿಸಿಕೊಟ್ಟಿದ್ದಾನೆ. ಮೂವರಿಗೂ ಸಂಸಾರ ನಿಂತಿಲ್ಲ, ಕೈಯಲ್ಲಿ ಹಣವೂ ಉಳಿದಿಲ್ಲ. ಉಯಿಲಿನ ಆಸೆ ತೋರಿಸಿ ಮುದುಕ ಅವರನ್ನು ಒಬ್ಬಳ ಮೇಲೆ ಒಬ್ಬಳನ್ನು ಎತ್ತಿಕಟ್ಟುತ್ತಾನೆ. ಅವರು ತಮ್ಮ ಮಕ್ಕಳಿಗೆ ‘ಹೋಗು, ತಾತನಿಗೆ ಒಳ್ಳೆಯ ಮಾತು ಹೇಳಿ ಬಾ’ ಎಂದು ಕಳಿಸುತ್ತಾರೆ. ಕಥೆ ಹೇಳುವ ಕೇಡೆನ್ಸ್ ಹಿರಿಯ ಮೊಮ್ಮಗಳು. 15ನೇ ವಯಸ್ಸಿನ ಬೇಸಿಗೆಯಲ್ಲಿ ಏನೋ ನಡೆದು ಅವಳ ನೆನಪು ಹೋಗಿದೆ, ತಲೆನೋವು ಉಳಿದಿದೆ. 17ರಲ್ಲಿ ತಿರುಗಿ ಬಂದು ಏನಾಯಿತೆಂದು ಹುಡುಕುತ್ತಾಳೆ. ಕೊನೆಯ ತಿರುವನ್ನು ನಾನು ಹೇಳುವುದಿಲ್ಲ. ಹೇಳಿದರೆ ನಿಮ್ಮ ಮಕ್ಕಳು ನನ್ನನ್ನು ಸುಮ್ಮನೆ ಬಿಡುವುದಿಲ್ಲ!

ಈ ಕಾದಂಬರಿಯಲ್ಲಿ ನಮಗೆ ಹತ್ತಿರದವನೊಬ್ಬನಿದ್ದಾನೆ. ಗ್ಯಾಟ್ ಪಾಟೀಲ್, ಭಾರತೀಯ ಮೂಲದ ಹುಡುಗ. ಪಾಟೀಲ ಎಂದರೆ ಬೆಳಗಾವಿ, ವಿಜಯಪುರದ ಕಡೆಯವರಿಗೆ ಮನೆಯ ಹೆಸರಿದ್ದಂತೆ. ಹಿರಿಯ ಮಗಳು ಕ್ಯಾರಿಯ ಜೊತೆಗಾರ ಎಡ್‌ನ ಅಣ್ಣನ ಮಗನಂತೆ ಜೊತೆಯಲ್ಲಿ ಬಂದು ಪ್ರತಿ ಬೇಸಿಗೆಯನ್ನೂ ದ್ವೀಪದಲ್ಲೇ ಕಳೆಯುತ್ತಾನೆ. ಆದರೂ ಮುದುಕ ಅವನನ್ನು ಹೆಸರು ಹಿಡಿದು ಕರೆಯುವುದಿಲ್ಲ. ‘ಯಂಗ್ ಮ್ಯಾನ್’ ಎನ್ನುತ್ತಾನೆ. ನಾನು ಇಲ್ಲಿ ‘ವುದರಿಂಗ್ ಹೈಟ್ಸ್’ನ ಹೀತ್‌ಕ್ಲಿಫ್ ಇದ್ದ ಹಾಗೆ ಎಂದು ಗ್ಯಾಟ್ ತಾನೇ ಕೇಡೆನ್ಸ್‌ಗೆ ಬಿಡಿಸಿ ಹೇಳುತ್ತಾನೆ. ಡಂಕನ್ ಹೊರಗಿನ ರಕ್ತಕ್ಕೆ ಮಾಯವನ್ನು ಅಂಟಿಸಿದರೆ, ಲಾಕ್‌ಹಾರ್ಟ್ ಹೊರಗಿನವನ ಕಣ್ಣಿಂದಲೇ ಒಳಗಿನವರ ಸಣ್ಣತನ ತೋರಿಸುತ್ತಾರೆ. ಒಳ್ಳೆಯ ಬೆಳವಣಿಗೆ. ಆದರೂ ಗ್ಯಾಟ್‌ಗೆ ಒಂದು ಸ್ವಂತ ಮನೆ, ಸ್ವಂತ ಊಟ, ಸ್ವಂತ ಜಗಳ ಇದ್ದಂತೆ ಕಾಣುವುದಿಲ್ಲ. ಅವನು ಸಿಂಕ್ಲೇರ್ ಮನೆಯವರಿಗೆ ಹಿಡಿದ ಕನ್ನಡಿಯಾಗಿಯೇ ಉಳಿಯುತ್ತಾನೆ.

ಆದರೆ ಎತ್ತಿಕಟ್ಟುವವನು ಯಾರು ಎಂಬ ಪ್ರಶ್ನೆಗೆ ಈ ಪುಸ್ತಕ ಕೊಡುವ ಉತ್ತರ ಗಟ್ಟಿಯಾದದ್ದು. ತಪ್ಪು ಅಕ್ಕನದೋ ತಂಗಿಯದೋ ಎಂದು ಹುಡುಕುತ್ತಾ ಹೋದರೆ ನಾವು ತಲುಪುವುದು ಪ್ರೀತಿಯನ್ನು ಬಹುಮಾನವಾಗಿ ಇಟ್ಟುಕೊಂಡ ಹಿರಿಯನ ಬಳಿಗೆ.

ಇನ್ನು ನಾಲ್ಕನೆಯದು, ಥ್ರಿಲ್ಲರ್ ಅಲ್ಲ. ಕ್ಯಾಥರೀನ್ ಪ್ಯಾಟರ್‌ಸನ್ ಅವರ ‘ಜೇಕಬ್ ಹ್ಯಾವ್ ಐ ಲವ್ಡ್’ 1980ರಲ್ಲಿ ಬಂದು 1981ರಲ್ಲಿ ನ್ಯೂಬೆರಿ ಪದಕ ಪಡೆಯಿತು. ಹೆಸರು ಬೈಬಲಿನ ಜೇಕಬ್, ಏಸಾವ್ ಎಂಬ ಅವಳಿಗಳ ಕಥೆಯಿಂದ ಬಂದದ್ದು. ಅಲ್ಲಿ ಕಣ್ಣು ಕಾಣದ ತಂದೆಯ ಆಶೀರ್ವಾದ ಹಿರಿಯವನಿಗೆ ಸಲ್ಲಬೇಕು. ತಾಯಿಯೇ ಕಿರಿಯವನ ಕೈಗೆ ಆಡಿನ ಚರ್ಮ ಸುತ್ತಿ, ರೋಮ ತುಂಬಿದ ಅಣ್ಣನ ಕೈಯೆಂದು ತಂದೆ ಭ್ರಮಿಸುವಂತೆ ಮಾಡುತ್ತಾಳೆ. ಇಂದಿನ ಥ್ರಿಲ್ಲರ್‌ಗಳಿಗೆಲ್ಲ ಮುತ್ತಜ್ಜಿಯಂಥ ಕಥೆ!

ಪ್ಯಾಟರ್‌ಸನ್ ಅವರ ಕಾದಂಬರಿಯಲ್ಲಿ ಅಂಥ ಮೋಸವೇ ಇಲ್ಲ. ಚೆಸಪೀಕ್ ಕೊಲ್ಲಿಯ ಒಂದು ಪುಟ್ಟ ದ್ವೀಪ, 1940ರ ದಶಕ. ಲೂಯಿಸ್, ಕ್ಯಾರೊಲೈನ್ ಅವಳಿಗಳು. ಕೆಲವು ನಿಮಿಷ ಮೊದಲು ಹುಟ್ಟಿದ ಲೂಯಿಸ್ ಗಟ್ಟಿಮುಟ್ಟು. ಉಸಿರಾಡದೆ ಹುಟ್ಟಿದ ಕ್ಯಾರೊಲೈನಳನ್ನು ಉಳಿಸಿಕೊಳ್ಳುವುದರಲ್ಲೇ ಎಲ್ಲರ ಗಮನ. ‘ಆಗ ನಾನೆಲ್ಲಿದ್ದೆ?’ ಎಂದು ಲೂಯಿಸ್ ಕೇಳಿದರೆ ಯಾರಿಗೂ ಸರಿಯಾಗಿ ನೆನಪಿಲ್ಲ. ಮುಂದೆ ಕ್ಯಾರೊಲೈನಳಿಗೆ ಒಳ್ಳೆಯ ಕಂಠ ಇದೆಯೆಂದು ತಿಳಿದಾಗ ಸಂಗೀತ ಪಾಠಕ್ಕೆ ಸಮುದ್ರ ದಾಟಿ ಹೋಗಬೇಕು, ಹಣ ಹೊಂದಿಸಬೇಕು. ಲೂಯಿಸ್ ಏಡಿ ಹಿಡಿದು ಮನೆಗೆ ಕಾಸು ತರುತ್ತಾಳೆ. ಅಪ್ಪ ಅಮ್ಮ ಕೆಟ್ಟವರಲ್ಲ, ಕ್ಯಾರೊಲೈನಳೂ ಮಾಟಗಾತಿಯಲ್ಲ. ಚುಚ್ಚುವವಳು ಅಜ್ಜಿ ಒಬ್ಬಳೇ. ಆದರೂ ಈ ಹುಡುಗಿಯ ಸಂಕಟದ ಮುಂದೆ ಉಳಿದ ಮೂರು ಪುಸ್ತಕಗಳ ಭಯ ಸಪ್ಪೆ.

ಇಲ್ಲಿಗೆ ನಾನು ಹೇಳಬೇಕಾದ ಮಾತು ಬಂತು. ಥ್ರಿಲ್ಲರ್ ಓದುವ ಮಗುವಿನ ಮನಸ್ಸಿನಲ್ಲಿ ಒಂದಿಷ್ಟು ಹೊಟ್ಟೆಕಿಚ್ಚು ಇದ್ದೇ ಇರುತ್ತದೆ. ಯಾರಿಗಿಲ್ಲ? ಡಂಕನ್ ಅವರಂಥವರು ಆ ಹೊಟ್ಟೆಕಿಚ್ಚಿಗೆ ಸಾಕ್ಷಿ ಹೇಳುತ್ತಾರೆ: ನಿನ್ನ ಅನುಮಾನ ನಿಜ, ಅವಳು ಕೆಟ್ಟವಳೇ, ನಿನ್ನ ಮಾತನ್ನು ಯಾರೂ ಕೇಳುತ್ತಿಲ್ಲ ಅಷ್ಟೆ. ಓದಲು ಎಷ್ಟು ಹಿತ! ಒಂದು ಹಂತದವರೆಗೆ ಇದು ಒಳ್ಳೆಯದೂ ಹೌದು. ತನ್ನ ಮಾತನ್ನು ‘ಹೊಟ್ಟೆಕಿಚ್ಚು’ ಎಂದು ತಳ್ಳಿಹಾಕಿದ ಮಗುವಿಗೆ, ಹಾಗೆ ತಳ್ಳಿಹಾಕುವುದು ಅನ್ಯಾಯ ಎಂದು ಯಾರಾದರೂ ಹೇಳಬೇಕು. ಆದರೆ ಪುಸ್ತಕ ಅಲ್ಲಿಗೇ ನಿಂತರೆ ಪಕ್ಕದ ಕೋಣೆಯಲ್ಲಿ ಮಲಗಿರುವ ತಂಗಿ ಮನುಷ್ಯಳಾಗಿ ಉಳಿಯುವುದಿಲ್ಲ. ಲಾಕ್‌ಹಾರ್ಟ್ ಇನ್ನೂ ಮುಂದೆ ಹೋಗಿ ಹಿರಿಯರ ಕಡೆ ಬೆರಳು ತೋರಿಸುತ್ತಾರೆ. ಪ್ಯಾಟರ್‌ಸನ್ ಬೆರಳನ್ನೇ ಕೆಳಗಿಳಿಸುತ್ತಾರೆ. ದೊಡ್ಡವಳಾಗಿ ಬೆಟ್ಟದೂರಿನಲ್ಲಿ ಸೂಲಗಿತ್ತಿ ನರ್ಸ್ ಆದ ಲೂಯಿಸ್ ಒಂದು ರಾತ್ರಿ ಅವಳಿ ಮಕ್ಕಳ ಹೆರಿಗೆ ಮಾಡಿಸುತ್ತಾಳೆ. ಎರಡನೆಯ ಕೂಸು ಸಾಯುವ ಹಾಗಿದೆ. ಅದನ್ನು ಉಳಿಸಲು ಹೆಣಗುತ್ತಿರುವಾಗ ಅವಳಿಗೆ ಥಟ್ಟನೆ ನೆನಪಾಗುತ್ತದೆ, ಮೊದಲನೆಯ ಕೂಸು ಎಲ್ಲಿ? ಅದನ್ನೂ ಎತ್ತಿಕೊಳ್ಳಿ ಎಂದು ಹೇಳುತ್ತಾಳೆ. ತಾನು ಕೇಳಿದ್ದ ಪ್ರಶ್ನೆಗೆ ಉತ್ತರವನ್ನು ಅವಳು ಬೇರೆಯವರ ಮಗುವಿಗೆ ಕೊಟ್ಟಳು.

ನಮ್ಮ ಮನೆಗಳಿಗೂ ಇದು ಸಂಬಂಧಿಸಿದ್ದೇ. ಒಬ್ಬ ಮಗಳ ಭರತನಾಟ್ಯಕ್ಕೋ ಮಗನ ಸ್ಪೆಲ್ಲಿಂಗ್ ಬೀಗೋ ಇಡೀ ಸಂಸಾರದ ಶನಿವಾರಗಳು ಮುಡಿಪಾಗುತ್ತವೆ. ಇನ್ನೊಂದು ಮಗು ಕಾರಿನ ಹಿಂದಿನ ಸೀಟಿನಲ್ಲಿ ಪುಸ್ತಕ ಹಿಡಿದು ಕೂತಿರುತ್ತದೆ. ಅದು ಏನು ಓದುತ್ತಿದೆ ಎಂದು ಒಮ್ಮೆ ನೋಡಿ. ‘ನಿಮ್ಮಕ್ಕನ್ನ ನೋಡಿ ಕಲಿ’ ಎಂದು ನಾವು ಹೇಳುವ ಮಾತು ಆ ಪುಸ್ತಕದ ಮೊದಲ ಅಧ್ಯಾಯದಂತೆ ಅದಕ್ಕೆ ಕೇಳಿಸುತ್ತಿರಬಹುದು.

ಪುಸ್ತಕ ಕಿತ್ತುಕೊಳ್ಳುವುದು ಬೇಡ. ಡಂಕನ್ ಓದಲಿ, 12 ದಾಟಿದವರಿಗೆ ಹೆದರುವಂಥದ್ದೇನೂ ಇಲ್ಲ. ಲಾಕ್‌ಹಾರ್ಟ್ ಹೈಸ್ಕೂಲಿನವರಿಗೆ ಇರಲಿ. ಕೊನೆ ತುಂಬ ಭಾರವಾದದ್ದು, ಓದಿದ ಮೇಲೆ ಮಾತಾಡಲು ದೊಡ್ಡವರು ಹತ್ತಿರದಲ್ಲಿದ್ದರೆ ಒಳ್ಳೆಯದು. ಅವೆರಡರ ನಂತರ ಪ್ಯಾಟರ್‌ಸನ್ ಕೈಗೆ ಕೊಡಿ, ಜೊತೆಗೆ ನೀವೂ ಓದಿ. ಓದಿದ ಮಕ್ಕಳು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಅರ್ಧ ಪುಟ ಬರೆದುಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಜಾಗ ಇದೆ. ನಾನು ಬರೆದದ್ದು ತಪ್ಪು ಎಂದು ವಾದಿಸಿದರೆ ಒಂದು ಪುಟ ಪೂರ್ತಿ!